ರಿವಿಟ್ಟು ಮಾಡಿದ ಪೆಡಲ್ ಪೆಟ್ಟಿಗೆ

ಅವನಿಗೆ ರಿವಿಟ್ಟು ಅಂತ ಹೆಸರಿಟ್ಟದ್ದು ಬ್ಯಾಂಡಿನವರು. ಹಗಲೆಲ್ಲ ಅವನು ಬಸ್ ನಿಲ್ದಾಣದ ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಕೂತು ಸೂಟ್‌ಕೇಸು, ಬ್ಯಾಗುಗಳನ್ನು ರಿಪೇರಿ ಮಾಡುತ್ತಿದ್ದ. ಕಿತ್ತುಬಂದ ಹಿಡಿಕೆ, ಕಳಚಿದ ಗಾಲಿ, ಹಲ್ಲುದುರಿದ ಜಿಪ್ಪು. ಹಿಡಿಕೆ ಕೂರಿಸಲು ತೂತು ಕೊರೆದು, ಅದರಲ್ಲಿ ಸಣ್ಣ ರಿವಿಟ್ ಇಟ್ಟು, ಇಕ್ಕಳದಂಥ ಗನ್ನಿನಿಂದ ಒತ್ತಿದರೆ ಟಕ್ ಎಂದು ಕೂತುಬಿಡುತ್ತಿತ್ತು. ಕೂತ ಮೇಲೆ ಬಿಚ್ಚುವ ಮಾತಿಲ್ಲ. ತೆಗೆಯಬೇಕೆಂದರೆ ಕೊರೆದು ಹಾಳುಮಾಡಿಯೇ ತೆಗೆಯಬೇಕು.

“ಇವನೇ ಒಂದು ರಿವಿಟ್ಟು ಕಣ್ರೋ. ಒಂದ್ಸಲ ಕೂತ್ನೋ, ಎಬ್ಬಿಸೋಕೆ ಆಗಲ್ಲ,” ಅಂದಿದ್ದ ಡ್ರಮ್ಮಿನವನು, ಮೊದಲ ದಿನ ಇವನು ಅಭ್ಯಾಸ ಮುಗಿದರೂ ಮೂಲೆಯಲ್ಲಿ ಗಿಟಾರ್ ಹಿಡಿದು ಕೂತೇ ಇದ್ದುದನ್ನು ನೋಡಿ. ಎಲ್ಲರೂ ನಕ್ಕರು. ಇವನೂ ನಕ್ಕ. ಹೆಸರು ಅಂಟಿಕೊಂಡಿತು.

ಬ್ಯಾಂಡಿನಲ್ಲಿ ಇದ್ದವರು ನಾಲ್ವರು. ಕೀಬೋರ್ಡಿನ ಮೇಷ್ಟ್ರು ಯಜಮಾನರು. ಒಂದು ಕಾಲಕ್ಕೆ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರಂತೆ. ಈಗ ಕಲಿಸುವುದು ನಿಂತು ಗದರುವುದಷ್ಟೇ ಉಳಿದಿತ್ತು. ಡ್ರಮ್ಮಿನವನು, ಹಾಡುವವಳು, ಆಮೇಲೆ ಇವನು. ವಾರಕ್ಕೆರಡು ಸಂಜೆ ಒಂದು ಹೋಟೆಲಿನ ಊಟದ ಹಾಲಿನಲ್ಲಿ ನುಡಿಸುತ್ತಿದ್ದರು. ಉಣ್ಣುವವರು ಉಣ್ಣುತ್ತಿದ್ದರು, ಇವರು ನುಡಿಸುತ್ತಿದ್ದರು. ಆದರೆ ಎರಡನೇ ಹಾಡಿನ ನಡುವೆ ಹಾಡುವವಳು ಉಸಿರು ಎಳೆದುಕೊಳ್ಳಲು ಹಿಂದೆ ಸರಿದಾಗ ಗಿಟಾರಿಗೆ ಒಂದು ಸಣ್ಣ ಜಾಗ ಇತ್ತು. ಅಲ್ಲಿ ರಿವಿಟ್ಟು ಮಾರ್ದನಿಯ ಪೆಡಲ್ ತುಳಿದು ನಾಲ್ಕೇ ನಾಲ್ಕು ಸಾಲು ನುಡಿಸುತ್ತಿದ್ದ. ಆ ಹೊತ್ತಿಗೆ ಯಾವುದೋ ಮೇಜಿನಲ್ಲಿ ಯಾರೋ ಒಬ್ಬರು ತುತ್ತು ಎತ್ತಿದ ಕೈಯನ್ನು ಹಾಗೇ ಹಿಡಿದು ಅವನತ್ತ ತಿರುಗುವುದಿತ್ತು. ಅಂಗಡಿಯಲ್ಲಿ ಗಿರಾಕಿಗಳು ನೋಡುತ್ತಿದ್ದುದು ತಮ್ಮ ಬ್ಯಾಗನ್ನು. ಅವನ ಮುಖವನ್ನು ಜನ ನೋಡುವ ಜಾಗ ಅಂತ ಭೂಮಿಯ ಮೇಲೆ ಇದ್ದದ್ದು ಅದೊಂದೇ.

ಅದಕ್ಕೇ ಈಗ ಸಂಚಕಾರ ಬಂದಿತ್ತು.

“ಸಾಮಾನು ಹೊರೋ ವ್ಯಾನು ನಿಂತೋಯ್ತು,” ಅಂದರು ಮೇಷ್ಟ್ರು, ಅಭ್ಯಾಸದ ಕೋಣೆಯಲ್ಲಿ. “ಇನ್ಮೇಲೆ ಬಸ್ಸು. ಹಾಲ್‌ನೋರು ಬೇರೆ, ಮೇಜು ಒರೆಸಿದ ಮೇಲೇನೇ ಒಳಗೆ ಬಿಡೋದಂತೆ. ನೀನು ನಿನ್ನ ಸಂಸಾರ ಹರಡೋ ಹೊತ್ತಿಗೆ ಜನ ಉಂಡು ಕೈ ತೊಳ್ಕೊಂಡಿರ್ತಾರೆ.”

ಸಂಸಾರ ಎಂದದ್ದು ಅವನ ಪೆಡಲುಗಳಿಗೆ. ಕಾಲಲ್ಲಿ ತುಳಿದರೆ ಗಿಟಾರಿನ ದನಿ ಬದಲಿಸುವ, ಇಟ್ಟಿಗೆ ಚೂರಿನಷ್ಟು ದೊಡ್ಡ ಲೋಹದ ಡಬ್ಬಿಗಳು ಅವು. ನಾಲ್ಕಿದ್ದವು: ಶ್ರುತಿ ತೋರಿಸುವುದು, ದನಿಯನ್ನು ಗುರುಗುಟ್ಟಿಸುವುದು, ಅಲೆಯಾಡಿಸುವುದು, ಮಾರ್ದನಿ ಕೊಡುವುದು. ಮುಚ್ಚಿಹೋದ ಯಾವುದೋ ಬ್ಯಾಂಡಿನಿಂದ ಮೇಷ್ಟ್ರು ಅವನ್ನು ಅಗ್ಗಕ್ಕೆ ತಂದಿದ್ದರು. ರಿವಿಟ್ಟು ಅವನ್ನೆಲ್ಲ ಒಂದು ಬಟ್ಟೆಯ ಚೀಲದಲ್ಲಿ ವೈರುಗಳ ಜೊತೆ ತುಂಬಿ ತರುತ್ತಿದ್ದ. ಹಾಲಿಗೆ ಬಂದು, ನೆಲದ ಮೇಲೆ ಮೊಣಕಾಲೂರಿ, ಒಂದೊಂದೇ ವೈರನ್ನು ಬಿಡಿಸಿ ಜೋಡಿಸಬೇಕು.

“ಚೀಲದಲ್ಲಿ ಹಾವು ಸಾಕಿದಾನೆ ಮೇಷ್ಟ್ರೇ. ಪ್ರತಿ ಸಲ ಮರಿ ಹಾಕಿರುತ್ತೆ,” ಅಂದಳು ಹಾಡುವವಳು.

“ತೊಡೆ ಮೇಲೆ ಇಟ್ಕೊಂಡು ಬಸ್ಸಲ್ಲಿ ಬರೋ ಅಷ್ಟಕ್ಕೆ ತಂದ್ರೆ ಬಾ,” ಅಂದರು ಮೇಷ್ಟ್ರು. “ಇಲ್ದಿದ್ರೆ ಬೇಡ. ಕೀಬೋರ್ಡಲ್ಲಿ ಗಿಟಾರಿಗೂ ಒಂದು ಗುಂಡಿ ಇದೆ. ಅದು ಚಪ್ಪಲಿ ಕಿತ್ತೋಯ್ತು, ತಲೆ ನೋಯ್ತು ಅಂತ ರಗಳೆ ಮಾಡಲ್ಲ.”

ಮರುದಿನ ರಿವಿಟ್ಟು ಅಂಗಡಿ ಬಾಗಿಲು ಎಳೆದು ವಾದ್ಯಗಳ ಮಳಿಗೆಗೆ ಹೋದ. ಪೆಡಲ್ ಜೋಡಿಸಲೆಂದೇ ಮಾಡಿದ ಹಲಗೆಗಳು ಅಲ್ಲಿ ಗೋಡೆಗೆ ತೂಗುಹಾಕಿದ್ದವು. ಹಗುರವಾದ ಅಲ್ಯೂಮಿನಿಯಂ ಚೌಕಟ್ಟು, ಮೇಲೆ ಪಟ್ಟಿಗಳು, ಹಾಕಿಡಲು ಚೀಲ. ಬೆಲೆಯ ಚೀಟಿ ನೋಡಿ ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮಳಿಗೆಯವನು, “ನೋಡಿ ನೋಡಿ ಅಳೀತಾ ಇದೀರಲ್ಲ, ಕೊಳ್ಳೋಕೋ, ಕದಿಯೋಕೋ?” ಎಂದು ಕೇಳಿದ. ಕದಿಯಲು ಬಂದಿದ್ದು ನಿಜವೇ ಆಗಿತ್ತು. ಅವನು ಕಣ್ಣಲ್ಲೇ ಅಳತೆ ಕದ್ದುಕೊಂಡು ಹೊರಟ.

ಮೊದಲು ಅಡುಗೆಮನೆಯ ಗೂಡಿನ ಹಲಗೆ ಕಿತ್ತು ಮಾಡಿದ. ಗಟ್ಟಿಯಾಗಿತ್ತು, ಹೊತ್ತರೆ ಹೆಗಲು ಇಳಿಬೀಳುತ್ತಿತ್ತು. ಬೇಕರಿಯವನು ಎಸೆದ ತಟ್ಟೆ ತಂದ. ಹಗುರವೇನೋ ಹೌದು, ಆದರೆ ತುಳಿದಾಗಲೆಲ್ಲ ಮಧ್ಯದಲ್ಲಿ ಬಾಗಿ ಡಂಯ್ ಎನ್ನುತ್ತಿತ್ತು. ಹಣ್ಣಿನ ಪೆಟ್ಟಿಗೆಯ ಮರದ ಪಟ್ಟಿಗಳನ್ನು ಜೋಡಿಸಿದ. ಎರಡು ಸಲ ಬಿಚ್ಚಿ ಮುಚ್ಚುವಷ್ಟರಲ್ಲಿ ಮೊಳೆಗಳು ಸಡಿಲವಾದವು. ಅಂಗಡಿಯಲ್ಲಿ ಯಾರೋ ಬಿಟ್ಟುಹೋದ ಸೂಟ್‌ಕೇಸುಗಳು ಸಾಲಾಗಿ ಇದ್ದವು. ಅವನ್ನು ಮಾತ್ರ ಅವನು ಮುಟ್ಟಲಿಲ್ಲ. ರಿಪೇರಿಗೆ ಬಂದ ಸಾಮಾನು ಎಷ್ಟು ವರ್ಷವಾದರೂ ಗಿರಾಕಿಯದೇ ಎನ್ನುವುದು ಕಸುಬಿನ ನೀತಿ. ಆ ನೀತಿಯಲ್ಲಿ ಅವನು ಬಲು ಕಟ್ಟುನಿಟ್ಟು.

ಅಕ್ಕನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಅಕ್ಕ ಗಂಡನ ಮನೆಯಿಂದ ತಿರುಗಿ ಬಂದವಳು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಬಂದ ದಿನ ಕೈಯಲ್ಲಿದ್ದ ಸೂಟ್‌ಕೇಸನ್ನು ಅವಳು ಯಾವತ್ತೂ ಪೂರ್ತಿ ಖಾಲಿ ಮಾಡಿರಲಿಲ್ಲ. ಒಳ್ಳೆಯ ಬಟ್ಟೆ, ಒಂದು ಜೊತೆ ಚಪ್ಪಲಿ, ಸೋಪು, ಬಾಚಣಿಗೆ ಎಲ್ಲ ಅದರಲ್ಲಿ ಹೊರಡುವುದಕ್ಕೆ ತಯಾರಾಗಿ ಮಂಚದ ಕೆಳಗಿರುತ್ತಿದ್ದವು. ತಮ್ಮನ ಜೊತೆ ಜಗಳವಾದಾಗಲೆಲ್ಲ, “ನಾನೇನು ಇಲ್ಲೇ ಬೇರು ಬಿಡ್ತೀನಿ ಅಂದ್ಕೋಬೇಡ. ಪೆಟ್ಟಿಗೆ ರೆಡಿ ಇದೆ. ಒಂದು ಕೋಣೆ ಸಿಗ್ಲಿ, ಹೊರಟೆ,” ಅನ್ನುತ್ತಿದ್ದಳು. ಕೋಣೆ ಹುಡುಕಲು ಹೋದದ್ದನ್ನು ಯಾರೂ ಕಂಡಿರಲಿಲ್ಲ. ಪೆಟ್ಟಿಗೆಯ ಧೂಳನ್ನು ಮಾತ್ರ ವಾರವಾರವೂ ಒರೆಸುತ್ತಿದ್ದಳು.

ಅದು ಗಟ್ಟಿ ಚಿಪ್ಪಿನದು, ಆಳ ಕಡಿಮೆ, ತೊಡೆಯ ಮೇಲೆ ಇಡುವಂಥದ್ದು. ಒಂದು ಸಂಜೆ ಅವಳು ಲಾಂಡ್ರಿಯಿಂದ ಬರುವ ಮುಂಚೆ ರಿವಿಟ್ಟು ಅದನ್ನು ಹೊರಗೆಳೆದು, ನಾಲ್ಕು ಪೆಡಲುಗಳನ್ನು ಒಳಗಿಟ್ಟು ನೋಡಿದ. ಎರಡು ಮುಂದೆ, ಎರಡು ಹಿಂದೆ. ಅಳೆದು ಹೊಲಿದ ಹಾಗೆ ಕೂತವು. ಅವಳನ್ನು ಕೇಳಿದರೆ ಬೇಡ ಅನ್ನುತ್ತಾಳೆ ಎಂದು ಗೊತ್ತಿತ್ತು. ಆದ್ದರಿಂದ ಕೇಳಲಿಲ್ಲ. ಬಟ್ಟೆಗಳನ್ನು ಒಂದು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮಂಚದ ಕೆಳಗೆ ಪೆಟ್ಟಿಗೆ ಇದ್ದ ಜಾಗದಲ್ಲೇ ತಳ್ಳಿದ.

ಅಕ್ಕ ಬಂದಾಗ ತಳಕ್ಕೆ ಏಳೆಂಟು ತೂತು ಬಿದ್ದಾಗಿತ್ತು. ಅವಳು ಬಾಗಿಲಲ್ಲೇ ನಿಂತು ನೋಡಿದಳು. ಅವನು ಡ್ರಿಲ್ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮಾತಾಡಬೇಕಾಗುತ್ತಿತ್ತು.

“ನನ್ನ ಗಂಡ ನನ್ನನ್ನ ಆಚೆಗೆ ಹಾಕುವಾಗ ಪೆಟ್ಟಿಗೆ ಸಮೇತ ಹಾಕಿದ್ದ,” ಅಂದಳು ಅಕ್ಕ. “ಅವನು ಪರವಾಗಿಲ್ಲ.”

“ಹೊಸದು ಕೊಡಿಸ್ತೀನಿ ಅಕ್ಕ.”

“ಯಾಕೆ? ಎಲ್ಲಿಗೆ ಹೋಗೋಕೆ?” ಎಂದು ಅವಳು ಒಳಗೆ ಹೋದಳು. ಗೋಣಿಚೀಲವನ್ನು ಬಿಚ್ಚಿ ಬಟ್ಟೆಗಳನ್ನು ಗೋಡೆಯ ಮೊಳೆಗಳಿಗೆ ಒಂದೊಂದಾಗಿ ತೂಗುಹಾಕುವ ಸದ್ದು ಕೇಳಿಸಿತು. ಅವತ್ತಿನಿಂದ ಹೊರಡುವ ಮಾತನ್ನು ಅವಳು ಎತ್ತಲಿಲ್ಲ. ರಿವಿಟ್ಟುವಿಗೆ ಅದರಿಂದ ಸಮಾಧಾನವೇ ಆಯಿತು.

ಉಳಿದ ಬ್ಯಾಂಡುಗಳವರು ಪೆಡಲುಗಳನ್ನು ಹಲಗೆಗೆ ಅಂಟುಪಟ್ಟಿಯಲ್ಲಿ ಕೂರಿಸುತ್ತಾರೆ. ಚರ್ರ್ ಎಂದು ಕಿತ್ತರೆ ಬರುತ್ತದೆ, ಬೇಕಾದಾಗ ಬದಲಿಸಬಹುದು. ಆದರೆ ಬ್ಯಾಗು ರಿಪೇರಿಯವನಿಗೆ ಅಂಟುಪಟ್ಟಿಯ ಮೇಲೆ ನಂಬಿಕೆ ಇರುವುದಿಲ್ಲ. ಕೂದಲು, ಧೂಳು, ನೂಲು ಎಲ್ಲ ಸೇರಿ ಅದು ಎಷ್ಟು ಬೇಗ ಬೋಳಾಗುತ್ತದೆ ಎಂದು ದಿನವೂ ನೋಡುತ್ತಿದ್ದವನು ಅವನು. ಹಾಗಾಗಿ ಅವನಿಗೆ ಗೊತ್ತಿದ್ದ ದಾರಿಯನ್ನೇ ಹಿಡಿದ. ಪ್ರತಿ ಪೆಡಲಿನ ತಳದ ತಗಡನ್ನು ಬಿಚ್ಚಿ ಪೆಟ್ಟಿಗೆಗೆ ರಿವಿಟ್ ಹೊಡೆದ. ಪೆಡಲನ್ನು ಆ ತಗಡಿನ ಮೇಲೆ ಕೂರಿಸಿ ಕೆಳಗಿನಿಂದ ಸ್ಕ್ರೂ ಬಿಗಿದ. ಬಸ್ಸಿನ ಕುಲುಕಾಟಕ್ಕೆ ಸ್ಕ್ರೂ ಸಡಿಲವಾದೀತೆಂದು ಅದರ ಮೇಲೆ ಇನ್ನೊಂದು ತಗಡು ಮುಚ್ಚಿ, ಸುತ್ತಲೂ ಮತ್ತೆ ರಿವಿಟ್ ಹೊಡೆದ. ಹಿಂದಿನ ಸಾಲು ಕಾಲಿಗೆ ಎಟುಕಲೆಂದು ಕುರ್ಚಿಯ ಮುರಿದ ಕಾಲನ್ನು ಸೀಳಿ ಎತ್ತರ ಕೊಟ್ಟ. ವೈರುಗಳನ್ನು ಮೇಣ ಹಚ್ಚಿದ ದಾರದಿಂದ ಹೊಲಿದ. ಬಲಗಡೆ ಗಿಟಾರಿನ ವೈರಿಗೊಂದು ತೂತು, ಎಡಗಡೆ ಸ್ಪೀಕರಿನ ವೈರಿಗೊಂದು, ಹಿಂದೆ ಕರೆಂಟಿನ ಅಡಾಪ್ಟರಿಗೊಂದು. ಮುಚ್ಚಳ ತೆರೆದು ಮೂರು ಪಿನ್ನು ಚುಚ್ಚಿದರೆ ಮುಗಿಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಅವನ ಕತೆ ಬೇರೆಯಾಗುತ್ತಿತ್ತೇನೋ. ಆದರೆ ಅವನಿಗೆ ಒಂದು ಹೆದರಿಕೆ ಇತ್ತು. ಹಿಂದೊಮ್ಮೆ ಮೆಲುದನಿಯ ಹಾಡೊಂದರಲ್ಲಿ ಮಾರ್ದನಿಯ ಪೆಡಲ್ ತುಳಿಯುವ ಬದಲು ಗುರುಗುಟ್ಟುವುದನ್ನು ತುಳಿದಿದ್ದ. ಹಾಲೆಲ್ಲ ಘರ್ರ್ ಎಂದು, ಮೂಲೆಯ ಮೇಜಿನ ಮಗು ಬೆಚ್ಚಿಬಿದ್ದು ಅತ್ತು, ಅದರ ತಾಯಿ ಎದ್ದು ಹೊರಗೆ ಹೋಗಿದ್ದಳು. ಆಮೇಲೆ ತಿಂಗಳುಗಟ್ಟಲೆ ಮೇಷ್ಟ್ರು ಅವನು ಕೋಣೆಗೆ ಬಂದಾಗಲೆಲ್ಲ “ಘರ್ರ್” ಎಂದರೆ, ಹಾಡುವವಳು ಮಗುವಿನ ಹಾಗೆ ಅತ್ತು ತೋರಿಸುತ್ತಿದ್ದಳು. ಅದು ಇನ್ನೊಮ್ಮೆ ಆಗಬಾರದೆಂದು ಅವನು ಬಣ್ಣದ ಟೇಪು ತಂದ. ಒಂದೊಂದು ಹಾಡಿಗೆ ಒಂದೊಂದು ಬಣ್ಣ. ಆ ಹಾಡಿನಲ್ಲಿ ತುಳಿಯಬೇಕಾದ ಪೆಡಲಿಗೆ ಆ ಬಣ್ಣದ ಚುಕ್ಕೆ. ಗುಂಡಿಗಳನ್ನು ಎಲ್ಲಿಗೆ ತಿರುಗಿಸಬೇಕೋ ಅಲ್ಲಿ ಆ ಬಣ್ಣದ ಸಣ್ಣ ಗೆರೆ. ಬ್ಲೇಡಿನಿಂದ ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಿ, ಉಸಿರು ಬಿಗಿಹಿಡಿದು ಅಂಟಿಸಿದ. ಕಣ್ಣಿದ್ದವರು ಯಾರೇ ಆದರೂ ತಪ್ಪುವ ಹಾಗಿರಲಿಲ್ಲ.

ಹೋಟೆಲಿನ ಹಾಲಿನಲ್ಲಿ ಮೊದಲ ಸಲ ಅದನ್ನು ತೆರೆದ ದಿನ, ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಇವನು ಗಿಟಾರ್ ಹೆಗಲಿಗೇರಿಸಿ ನಿಂತಿದ್ದ.

“ಏನೋ ಇದು! ಮದುಮಗಳ ಪೆಟ್ಟಿಗೆ ತಂದ ಹಾಗೆ ತಂದಿದೀಯ,” ಎಂದ ಡ್ರಮ್ಮಿನವನು. ಆದರೂ ಬಗ್ಗಿ ನೋಡಿದ. ಹಾಡುವವಳೂ ನೋಡಿದಳು. ಅವತ್ತು ನುಡಿಸಾಣಿಕೆ ಎಲ್ಲೂ ತಪ್ಪಲಿಲ್ಲ. ಮುಗಿದ ಮೇಲೆ ಮೇಷ್ಟ್ರು ಅವನ ಬೆನ್ನ ಮೇಲೆ ಕೈಯಿಟ್ಟರು. ಅವರು ಯಾರನ್ನೂ ಹಾಗೆ ಮುಟ್ಟುತ್ತಿರಲಿಲ್ಲ.

“ಭೇಷ್. ಮುಂದಿನ ಅಭ್ಯಾಸಕ್ಕೆ ಇದನ್ನ ನನಗೆ ಸರಿಯಾಗಿ ಹೇಳ್ಕೊಡಬೇಕು ನೀನು.”

ಮುಂದಿನ ಅಭ್ಯಾಸಕ್ಕೆ ಮೇಷ್ಟ್ರ ಜೊತೆ ಅವರ ಮಗಳ ಗಂಡನೂ ಬಂದಿದ್ದ. ಅಳಿಯ ಹೊಸದಾಗಿ ಕೆಲಸ ಕಳೆದುಕೊಂಡು ಮಾವನ ಮನೆಯಲ್ಲೇ ಇದ್ದ. ಗಿಟಾರ್ ಅಷ್ಟಿಷ್ಟು ಬರುತ್ತಿತ್ತು. ರಿವಿಟ್ಟು ಸೇರುವ ಮುಂಚೆ ಬ್ಯಾಂಡಿನಲ್ಲಿ ನುಡಿಸಿ ನೋಡಿದ್ದನಂತೆ. ಕೈ ಆಡುವಾಗ ಕಾಲು ಮರೆಯುತ್ತಿತ್ತು, ಕಾಲು ನೆನಪಾದರೆ ಕೈ ನಿಲ್ಲುತ್ತಿತ್ತು ಎಂದು ಮೇಷ್ಟ್ರೇ ಬೈದು ಕಳಿಸಿದ್ದರು. ಈಗ ಅವನು ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಹಸಿರು ಅಂದ್ರೆ ಏನು?”

ರಿವಿಟ್ಟುವನ್ನು ಆವರೆಗೆ ಯಾರೂ ಯಾವುದರ ಬಗ್ಗೆಯೂ ಹಾಗೆ ಕೂತು ಕೇಳಿರಲಿಲ್ಲ. ಅವನಿಗೆ ಮಾತೇ ಬಂದುಬಿಟ್ಟಿತು. ಹಸಿರು ಮೊದಲ ಹಾಡು, ಹಳದಿ ಎರಡನೆಯದು, ಕೆಂಪು ಕುಣಿಯುವ ಹಾಡು. ಚುಕ್ಕೆ ಕಂಡಲ್ಲಿ ತುಳಿಯೋದು, ಗೆರೆಗೆ ಗುಂಡಿ ತಿರುಗಿಸೋದು. ಹಳದಿಯಲ್ಲಿ ಹಾಡುವವರು ಹಿಂದೆ ಸರಿದ ತಕ್ಷಣ ತುಳೀಬಾರದು, ಒಂದು ಉಸಿರು ಬಿಟ್ಟು ತುಳೀಬೇಕು. ಅಳಿಯ ತಲೆಯಾಡಿಸಿದ. ಒಂದು ಸಲ ನುಡಿಸಿ ನೋಡಲಾ ಅಂದ. ರಿವಿಟ್ಟು ತನ್ನ ಗಿಟಾರನ್ನೇ ಕೊಟ್ಟ. ಅಳಿಯ ತಪ್ಪಿದಾಗ ಅವನ ಪಾದವನ್ನು ಕೈಯಲ್ಲಿ ಹಿಡಿದು ಸರಿಯಾದ ಪೆಡಲಿನ ಮೇಲೆ ಇಟ್ಟ. ಹಾಗೆ ಮೂರ್ನಾಲ್ಕು ಅಭ್ಯಾಸಗಳು ನಡೆದವು. ಮೇಷ್ಟ್ರು ಕೈಕಟ್ಟಿ ನೋಡುತ್ತಿದ್ದರು, ಒಂದು ಸಲವೂ ಗದರಲಿಲ್ಲ. ಮನೆಗೆ ಹೋಗಿ ರಿವಿಟ್ಟು, “ಈಗ ಮೇಷ್ಟ್ರು ನನ್ನ ಕೇಳ್ದೆ ಏನೂ ಮಾಡಲ್ಲ ಅಕ್ಕ,” ಅಂದ. ಅಕ್ಕ ಇಸ್ತ್ರಿ ಪೆಟ್ಟಿಗೆಯಿಂದ ಸುಟ್ಟ ತನ್ನ ಬೆರಳಿಗೆ ನೀರು ಬಿಡುತ್ತಿದ್ದಳು.

ಅಳಿಯ ತಪ್ಪದೆ ನುಡಿಸಿದ ದಿನ ಮೇಷ್ಟ್ರು ಹೇಳಿದರು.

“ಇನ್ಮೇಲೆ ಅಳಿಯಂದ್ರು ನುಡಿಸ್ತಾರೆ. ನಿನಗೂ ಅಂಗಡಿ ನೋಡ್ಕೊಳ್ಳೋಕೆ ಪುರುಸೊತ್ತಾಗುತ್ತೆ.”

ರಿವಿಟ್ಟು ಮೊದಲು ಅದನ್ನು ತಮಾಷೆ ಎಂದುಕೊಂಡು ನಕ್ಕ. ಬೇರೆ ಯಾರೂ ನಗಲಿಲ್ಲ. ಡ್ರಮ್ಮಿನವನು ಕೋಲುಗಳನ್ನು ಚೀಲಕ್ಕೆ ಹಾಕುತ್ತಿದ್ದ, ಹಾಡುವವಳು ನೀರು ಕುಡಿಯುತ್ತಿದ್ದಳು. ಅವರಿಗೆಲ್ಲ ಮೊದಲೇ ಗೊತ್ತಿತ್ತು.

“ಪೆಟ್ಟಿಗೆ ನಂದು,” ಅಂದ ಅವನು.

“ಅಯ್ಯೋ ತಗೊಂಡ್ಹೋಗು ಮಹರಾಯ, ಯಾರು ಬೇಡ ಅಂದ್ರು?” ಅಂದರು ಮೇಷ್ಟ್ರು. “ಪೆಡಲ್ ಬ್ಯಾಂಡಿಂದು. ಅವನ್ನ ಬಿಚ್ಚಿಟ್ಟು ಪೆಟ್ಟಿಗೆ ತಗೊಂಡ್ಹೋಗು.”

ಅವನು ಮೊಣಕಾಲೂರಿ ಪೆಟ್ಟಿಗೆಯನ್ನು ಮಗುಚಿದ. ತಳದ ತುಂಬ ರಿವಿಟ್ಟುಗಳು ಸಾಲಾಗಿ, ಒಂದೂ ಅಲುಗದೆ ಹೊಳೆಯುತ್ತಿದ್ದವು. ಅವನ್ನು ತೆಗೆಯಲು ಕೊರೆಯಬೇಕು. ಕೊರೆದರೆ ತಗಡಿನ ಆಚೆ ಪೆಡಲಿನ ಹೊಟ್ಟೆಗೆ ಡ್ರಿಲ್ ಇಳಿಯುತ್ತದೆ. ಅದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

“ನೋಡು ಮತ್ತೆ, ಒಂದು ಗೀರು ಬಿದ್ರೂ ಹೊಸ ಪೆಡಲ್ ತಂದಿಡಬೇಕು,” ಎಂದರು ಮೇಷ್ಟ್ರು.

“ರಿವಿಟ್ಟನ್ನ ಎಬ್ಬಿಸೋಕೆ ಆಗಲ್ಲ ಅಂದಿದ್ದೆ. ಎಬ್ಬಿಸಿಬಿಟ್ರಲ್ಲ ಮೇಷ್ಟ್ರೇ,” ಎಂದ ಡ್ರಮ್ಮಿನವನು. ಈಗ ಎಲ್ಲರೂ ನಕ್ಕರು. ಅಳಿಯನೊಬ್ಬ ಮಾತ್ರ, “ಪಾಪ, ಬಿಡಿ,” ಅಂದ. ಪೆಟ್ಟಿಗೆಯನ್ನು ತನ್ನ ಕಡೆಗೆ ತಿರುಗಿಸಿ ಮುಚ್ಚಳ ಹಾಕಿಕೊಂಡ.

ಎರಡು ದಿನ ಕಳೆದ ಮೇಲೆ ಮೇಷ್ಟ್ರಿಂದ ಫೋನ್ ಬಂತು. ಇವತ್ತು ಸಂಜೆ ಅಳಿಯನ ಮೊದಲ ಕಾರ್ಯಕ್ರಮ, ಹಾಲಿಗೆ ಬಂದು ಜೋಡಿಸಿಕೊಟ್ಟು ಹೋಗು ಅಂದರು. ಆಗಲ್ಲ ಅನ್ನಬಹುದಿತ್ತು. ಆದರೆ ರಿವಿಟ್ಟು ಅಂಗಡಿಯನ್ನು ಬೇಗ ಮುಚ್ಚಿ, ಮುಖ ತೊಳೆದು, ಸ್ಟೇಜಿಗೆ ಹಾಕುತ್ತಿದ್ದ ಕಪ್ಪು ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಂಡ. ಗಿಟಾರಿಗೆ ಹೊಸ ತಂತಿ ಹಾಕಿ, ಶ್ರುತಿ ಮಾಡಿ, ಬ್ಯಾಗಿನಲ್ಲಿಟ್ಟು ಹೆಗಲಿಗೇರಿಸಿದ. ಜನ ನೋಡಿ ಅಳಿಯನಿಗೆ ಮತ್ತೆ ಕಾಲು ಮರೆತುಹೋಗಬಹುದು. ಹೊಟ್ಟೆ ಕೆಡಬಹುದು. ಏನೂ ಆಗಬಹುದು.

“ಗಿಟಾರ್ ಯಾಕೆ ತಂದೆ?” ಎಂದು ಡ್ರಮ್ಮಿನವನು ಹಾಲಿನ ಬಾಗಿಲಲ್ಲೇ ಕೇಳಿದ.

ಅವನು ಒಳಗೆ ಹೋಗಿ ಬ್ಯಾಗನ್ನು ಗೋಡೆಗೆ ಒರಗಿಸಿದ.

ಮೇಜುಗಳನ್ನು ಒರೆಸಿ ಆಗಿತ್ತು. ಮೊದಲ ಮೇಜಿಗೆ ಜನ ಬಂದು ಕೂತಿದ್ದರು. ಅಳಿಯ ಪೆಟ್ಟಿಗೆ ತೆರೆದು, ತಾನೇ ಜೋಡಿಸುತ್ತೇನೆಂದು ಹಟ ಹಿಡಿದಿದ್ದ. ಗಿಟಾರಿನ ವೈರು ಚುಚ್ಚಿದ, ಸ್ಪೀಕರಿನದು ಚುಚ್ಚಿದ. ಅಡಾಪ್ಟರಿಗಾಗಿ ಮೇಷ್ಟ್ರ ಚೀಲಕ್ಕೆ ಕೈಹಾಕಿದ. ಅದರಲ್ಲಿ ಎರಡಿದ್ದವು, ಎರಡೂ ಕಪ್ಪು, ಎರಡರ ಪಿನ್ನೂ ಒಂದೇ ಅಳತೆ. ಒಂದು ಪೆಡಲುಗಳದು, ಇನ್ನೊಂದು ಕೀಬೋರ್ಡಿನದು. ಕೀಬೋರ್ಡಿನದರಲ್ಲಿ ವೋಲ್ಟೇಜು ಹೆಚ್ಚು, ಪ್ಲಸ್ಸು ಮೈನಸ್ಸು ತಿರುವುಮುರುವು. ಅದನ್ನು ಚುಚ್ಚಿ ಸ್ವಿಚ್ ಒತ್ತಿದರೆ ನಾಲ್ಕೂ ಪೆಡಲುಗಳು ಒಂದೇ ಗಳಿಗೆಯಲ್ಲಿ ಸುಟ್ಟು ಕರಕಲಾಗುತ್ತವೆ.

ಅಳಿಯ ಎತ್ತಿದ್ದು ಕೀಬೋರ್ಡಿನದನ್ನು.

ರಿವಿಟ್ಟು ನೋಡಿದ. ಸುಮ್ಮನಿದ್ದರೆ ಸಾಕಾಗಿತ್ತು. ಸುಟ್ಟ ವಾಸನೆ ಬರುತ್ತದೆ, ಅಳಿಯ ಬೆವರುತ್ತಾನೆ, ಹಾಲಿನವರು ಓಡಿಬರುತ್ತಾರೆ. ಪೆಡಲು, ಬಣ್ಣದ ಚುಕ್ಕೆ ಯಾವುದೂ ಇಲ್ಲದೆ ಆ ಹಾಡುಗಳನ್ನು ನುಡಿಸಬಲ್ಲವನು ಅಲ್ಲಿ ಒಬ್ಬನೇ ಇದ್ದ, ಅವನ ಗಿಟಾರು ಗೋಡೆಗೆ ಒರಗಿತ್ತು. ಪಿನ್ನು ತೂತಿನ ಬಾಯಿಗೆ ಬಂತು. ತಾನು ಒಂದೊಂದಾಗಿ ಕೂರಿಸಿದ ತಗಡು, ಮೇಣದ ದಾರದ ಹೊಲಿಗೆ, ಅಕ್ಕಿಕಾಳಿನಂಥ ಗೆರೆಗಳು ಅವನ ಕಣ್ಣ ಮುಂದಿದ್ದವು.

“ಅದಲ್ಲ!” ಎಂದು ಅವನು ಕೂಗಿಬಿಟ್ಟ.

ಮೊದಲ ಮೇಜಿನವರು ತಿರುಗಿ ನೋಡಿದರು. ಅಳಿಯ ಕೈ ಹಿಂದಕ್ಕೆಳೆದ. ಮೇಷ್ಟ್ರು ಬಂದು ಎರಡೂ ಅಡಾಪ್ಟರುಗಳನ್ನು ಕೈಯಲ್ಲಿ ತೂಗಿ ನೋಡಿದರು. ವಿಷಯ ತಿಳಿದ ಮೇಲೆ ಅವರ ಮುಖ ಸ್ವಲ್ಪ ಬಿಳಿಚಿತು, ಬೇಗನೇ ಸರಿಹೋಯಿತು.

“ಒಳ್ಳೇದಾಯ್ತು ಹೇಳಿದ್ದು. ಟೇಪ್ ತಂದಿದೀಯಾ?”

ತಂದಿದ್ದ. ಅದು ಯಾವಾಗಲೂ ಅವನ ಜೇಬಿನಲ್ಲಿರುತ್ತಿತ್ತು.

“ಹಾಗಾದ್ರೆ ಇದಕ್ಕೂ ಒಂದು ಬಣ್ಣ ಅಂಟಿಸಿಬಿಡು. ಪ್ರತಿ ಸಲ ನಿನ್ನ ಕರೆಯೋಕಾಗುತ್ತಾ?”

ಅವನು ಮೊಣಕಾಲೂರಿ ಕೂತ. ಬಿಳಿ ಟೇಪನ್ನು ಕತ್ತರಿಸಿ ಒಂದು ತುಂಡನ್ನು ಸರಿಯಾದ ಅಡಾಪ್ಟರಿನ ಪಿನ್ನಿನ ಹಿಂದೆ ಸುತ್ತಿದ, ಇನ್ನೊಂದನ್ನು ಪೆಟ್ಟಿಗೆಯ ತೂತಿನ ಪಕ್ಕ ಅಂಟಿಸಿದ. ಮೂಲೆ ಚೂಪಾಗಿದ್ದರೆ ಬೇಗ ಏಳುತ್ತದೆಂದು ತುದಿಗಳನ್ನು ದುಂಡಗೆ ಕತ್ತರಿಸಿ ಉಗುರಿನಿಂದ ತೀಡಿದ. ಎದ್ದಾಗ ಹಾಡುವವಳು, “ಆ ಟೇಪು ಇಲ್ಲೇ ಬಿಟ್ಟು ಹೋಗಿ, ಬೇಕಾಗುತ್ತೆ,” ಅಂದಳು. ಇಷ್ಟು ದಿನದಲ್ಲಿ ಅವಳು ಅವನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನು ಟೇಪನ್ನು ಕೀಬೋರ್ಡಿನ ಮೇಲಿಟ್ಟು, ಗಿಟಾರ್ ಎತ್ತಿಕೊಂಡು ಹೊರಗೆ ಬಂದ.

ಬಸ್ ನಿಲ್ಲುವ ಜಾಗ ಹಾಲಿನ ಎದುರಿಗೇ ಇತ್ತು. ಬಸ್ಸು ತಡವಾಯಿತು. ಮೊದಲ ಹಾಡು ಮುಗಿದು ಎರಡನೆಯದು ಶುರುವಾಯಿತು. ಕಿಟಕಿಗಳು ತೆರೆದಿದ್ದವು. ಹಾಡುವವಳು ನಿಲ್ಲಿಸಿದಳು, ಒಂದು ಉಸಿರು ಬಿಟ್ಟು ಮಾರ್ದನಿ ಎದ್ದಿತು, ಕೂದಲೆಳೆಯಷ್ಟೂ ಆಚೀಚೆಯಾಗದೆ. ನಾಲ್ಕು ಸಾಲೂ ಸರಿಯಾಗಿ ಬಂದವು. ಕೊನೆಯದಕ್ಕೆ ಒಳಗೆ ಯಾರೋ ಚಪ್ಪಾಳೆ ತಟ್ಟಿದರು. ರಿವಿಟ್ಟು ನುಡಿಸಿದಾಗ ಯಾರೂ ತಟ್ಟಿರಲಿಲ್ಲ.

ಪಕ್ಕದಲ್ಲಿ ಬಸ್ಸಿಗೆ ಕಾದಿದ್ದ ಹೆಂಗಸು ಅವನ ತೊಡೆಗೆ ಒರಗಿದ್ದ ಉದ್ದನೆಯ ಬ್ಯಾಗನ್ನು ನೋಡಿದಳು.

“ನೀವೂ ನುಡಿಸ್ತೀರಾ?”

“ಇಲ್ಲ,” ಅಂದ ರಿವಿಟ್ಟು. “ಬ್ಯಾಗಿನ ಜಿಪ್ಪು ಹೋಗಿದೆ. ರಿಪೇರಿಗೆ ಅಂತ ಕೊಟ್ಟಿದಾರೆ.”